ಬೇಟೆಹಕ್ಕಿಯ ಹಿಕ್ಕೆಯಲ್ಲಿ ಕಂಡ ಮೊಟ್ಟೆ ಯಾರದು? ಕರುಳಿನ ಪರೋಪಜೀವಿಗಳ ಪರೀಕ್ಷೆಗೆ ಒಂದು ಕೈಪಿಡಿ

ಗಾಳಿಪಟದ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದು, ರಾತ್ರಿ ಹೆದ್ದಾರಿಯಲ್ಲಿ ಲಾರಿಗೆ ಬಡಿದ ಗೂಬೆ, ಹಂಚಿನ ಮನೆಯ ಅಟ್ಟದಿಂದ ಕೆಳಗೆ ಬಿದ್ದ ಕಣಜದ ಗೂಬೆಯ ಮರಿ ಇಂಥವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪಶು ಆಸ್ಪತ್ರೆಗಳಿಗೆ ಬಂದಾಗ ಸಾಮಾನ್ಯವಾಗಿ ಗಾಯಕ್ಕೆ ಚಿಕಿತ್ಸೆ ಆಗುತ್ತದೆ, ಆದರೆ ಹಿಕ್ಕೆಯನ್ನು ಯಾರೂ ನೋಡುವುದಿಲ್ಲ. ನೋಡಿದರೂ ಸೂಕ್ಷ್ಮದರ್ಶಕದ ಕೆಳಗೆ ಒಂದು ಮೊಟ್ಟೆ ಕಂಡ ಕೂಡಲೇ ಜಂತುಹುಳುವಿನ ಔಷಧ ಕುಡಿಸಿ ಕೈತೊಳೆದುಕೊಳ್ಳುವುದು ರೂಢಿ. ಹಿಕ್ಕೆಯನ್ನು ನೋಡಲೇಬೇಕು ಎಂಬುದು ಈ ಬರಹದ ಒಂದು ಮಾತಾದರೆ, ಕಂಡ ಮೊಟ್ಟೆ ಆ ಹಕ್ಕಿಯದೇ ಹುಳುವಿನದೋ ಅದು ನುಂಗಿದ ಇಲಿ, ಕೋಳಿ, ಹಾವುಗಳ ಹುಳುವಿನದೋ ಎಂದು ತೀರ್ಮಾನಿಸುವವರೆಗೆ ಔಷಧದ ಬಾಟಲಿಯನ್ನು ಮುಟ್ಟಬಾರದು ಎಂಬುದು ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು. ಪಶುವೈದ್ಯಕೀಯ ವಿದ್ಯಾರ್ಥಿಗಳು, ಜೀವಶಾಸ್ತ್ರದ ಅಧ್ಯಾಪಕರು ಮತ್ತು ಗಾಯಗೊಂಡ ಹಕ್ಕಿಗಳ ಆರೈಕೆಯಲ್ಲಿ ವೈದ್ಯರಿಗೆ ನೆರವಾಗುವವರು ಸಾಧಾರಣ ಪ್ರಯೋಗಾಲಯದಲ್ಲಿ ಮಾಡಬಹುದಾದ ವಿಧಾನಗಳನ್ನಷ್ಟೇ ಇಲ್ಲಿ ವಿವರಿಸಲಾಗಿದೆ.

ಮೊದಲು ಅನುಮತಿ, ಆಮೇಲೆ ಕೈಗವಸು

ಬೇಟೆಹಕ್ಕಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಗಾಯಗೊಂಡ ಹಕ್ಕಿ ಸಿಕ್ಕಿದರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು. ಅದನ್ನು ಮನೆಯಲ್ಲಿ ಇಟ್ಟುಕೊಂಡು ಸಾಕುವುದು ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ ಅಪರಾಧವಾಗುತ್ತದೆ. ಸತ್ತು ಬಿದ್ದಿರುವ ಕಾಡುಹಕ್ಕಿಯೂ ಕಾನೂನಿನ ಪ್ರಕಾರ ಸರ್ಕಾರದ ಸ್ವತ್ತು, ಆದ್ದರಿಂದ ಶವಪರೀಕ್ಷೆಯನ್ನು ಇಲಾಖೆಯ ಲಿಖಿತ ಒಪ್ಪಿಗೆಯೊಂದಿಗೆ ಪಶುವೈದ್ಯರೇ ಮಾಡಬೇಕು. ಭದ್ರಾ ಹುಲಿ ಮೀಸಲು ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಂಥ ಕಡೆ ಹಿಕ್ಕೆಯನ್ನು ಆರಿಸುವುದಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕು. ಗೂಡಿನ ಕೆಳಗಿನ ಹಿಕ್ಕೆಯ ಆಸೆಗೆ ಮರಿ ಮಾಡುವ ಕಾಲದಲ್ಲಿ ಮರದ ಬುಡದಲ್ಲಿ ಸುಳಿದಾಡುವುದನ್ನು ಅನುಮತಿ ಇದ್ದರೂ ಮಾಡಬಾರದು, ಏಕೆಂದರೆ ತಾಯಿಹಕ್ಕಿ ಗೂಡು ಬಿಟ್ಟು ಹಾರಿಹೋದ ಅರ್ಧ ಗಂಟೆಯಲ್ಲಿ ಕಾಗೆಗಳು ತಮ್ಮ ಕೆಲಸ ಮುಗಿಸಿರುತ್ತವೆ.

ಹಿಕ್ಕೆಯನ್ನು ಮುಟ್ಟುವಾಗ ಕೈಗವಸು ಮತ್ತು ಮುಖಗವಸು ಎರಡೂ ಬೇಕು. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಬೇಟೆಹಕ್ಕಿಯ ಹಿಕ್ಕೆಯಲ್ಲಿ ಸಾಮಾನ್ಯ, ಒಣಗಿದ ಹಿಕ್ಕೆಯ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಒಂದೇ ಪ್ರದೇಶದಲ್ಲಿ ಹದ್ದು, ಕಾಗೆ, ಕೋಳಿಗಳು ಒಟ್ಟೊಟ್ಟಿಗೆ ಸಾಯುತ್ತಿದ್ದರೆ ಅದು ಹಕ್ಕಿಜ್ವರವಿರಬಹುದೆಂದು ಭಾವಿಸಿ ಯಾವ ಹಕ್ಕಿಯನ್ನೂ ಕೊಯ್ಯದೆ ಪಶುಪಾಲನಾ ಇಲಾಖೆಗೆ ತಿಳಿಸುವುದೊಂದೇ ಸರಿಯಾದ ದಾರಿ.

ಹಿಕ್ಕೆ ಸಂಗ್ರಹಿಸುವುದು

ಬೇಟೆಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗಗಳಿರುತ್ತವೆ: ಕರುಳಿನಿಂದ ಬಂದ ಕಪ್ಪು ಅಥವಾ ಕಂದುಬಣ್ಣದ ಮಲ, ಮೂತ್ರಪಿಂಡದಿಂದ ಬಂದ ಸುಣ್ಣದಂಥ ಬಿಳಿಯ ಯೂರೇಟ್, ಮತ್ತು ಸುತ್ತಲೂ ಹರಡುವ ತಿಳಿನೀರು. ನಮಗೆ ಬೇಕಾದ ಮೊಟ್ಟೆಗಳು ಬಹುಪಾಲು ಇರುವುದು ಕಪ್ಪು ಭಾಗದಲ್ಲಿ. ಬಿಳಿಯ ಭಾಗವನ್ನೂ ಕೆರೆದು ತುಂಬಿದರೆ ಸ್ಲೈಡಿನ ತುಂಬ ಯೂರೇಟಿನ ಹರಳುಗಳೇ ಕಾಣುತ್ತವೆ. ಹದ್ದು, ಗಿಡುಗ, ಶಿಕ್ರಗಳು ಹಿಕ್ಕೆಯನ್ನು ಹಿಂದಕ್ಕೆ ದೂರ ಚಿಮ್ಮಿಸುತ್ತವೆ. ಕೆಸ್ಟ್ರೆಲ್‌ನಂಥ ಚಾಣಗಳು ಮತ್ತು ಗೂಬೆಗಳು ಕೂತಲ್ಲೇ ನೇರವಾಗಿ ಕೆಳಕ್ಕೆ ಹಾಕುತ್ತವೆ. ಹಾಳೆಯನ್ನು ಎಲ್ಲಿ ಹಾಸಬೇಕೆಂಬುದು ಇದರಿಂದಲೇ ಗೊತ್ತಾಗುತ್ತದೆ. ಗೂಬೆಗಳ ವಿಷಯದಲ್ಲಿ ಇನ್ನೊಂದು ವಿಶೇಷವಿದೆ. ಹದ್ದು, ಗಿಡುಗಗಳಲ್ಲಿ ಕುರುಡುಕರುಳು (ಕರುಳಿಗೆ ಅಂಟಿದ, ಒಂದು ತುದಿ ಮುಚ್ಚಿದ ಚೀಲ) ಹೆಸರಿಗಷ್ಟೇ ಇದ್ದರೆ ಗೂಬೆಗಳಲ್ಲಿ ಅದು ಚೆನ್ನಾಗಿ ಬೆಳೆದಿರುತ್ತದೆ, ಹಾಗಾಗಿ ಅವು ಮಾಮೂಲಿ ಹಿಕ್ಕೆಯ ಜೊತೆಗೆ ಆಗಾಗ ಅಂಟಂಟಾದ, ಬಹಳ ನಾರುವ ಕಂದು ಹಿಕ್ಕೆಯನ್ನೂ ಹಾಕುತ್ತವೆ. ಅದನ್ನು ಭೇದಿ ಎಂದು ತಿಳಿಯದೆ ಬೇರೆ ಡಬ್ಬಿಯಲ್ಲಿ ತೆಗೆದಿಟ್ಟರೆ ಕುರುಡುಕರುಳಿನ ಹುಳುಗಳ ಸುಳಿವು ಸಿಗುತ್ತದೆ.

ನೆಲಕ್ಕೆ ತಾಗಿದ ಹಿಕ್ಕೆ ಬೇಡ. ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ದುಂಡುಹುಳುಗಳು ಕೆಲವೇ ಗಂಟೆಗಳಲ್ಲಿ ಹಿಕ್ಕೆಯೊಳಗೆ ಸೇರಿಕೊಳ್ಳುತ್ತವೆ. ಸ್ಲೈಡಿನಲ್ಲಿ ಅವು ಚುರುಕಾಗಿ ಹೊರಳಾಡುವುದನ್ನು ಕಂಡವರು ದೊಡ್ಡ ಸೋಂಕನ್ನೇ ಹಿಡಿದೆವೆಂದು ಹಿಗ್ಗುತ್ತಾರೆ. ಆಸ್ಪತ್ರೆಯ ಪೆಟ್ಟಿಗೆಯಲ್ಲಿರುವ ಹಕ್ಕಿಗಾದರೆ ಕೆಳಗೆ ಶುಚಿಯಾದ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸಾಕು. ಪತ್ರಿಕೆಯ ಕಾಗದ ನೀರನ್ನು ಹೀರಿಕೊಂಡು ಮಾದರಿಯನ್ನು ಬೇಗ ಒಣಗಿಸುತ್ತದೆ. ಹೊರಗಿನ ಹಕ್ಕಿಯಾದರೆ, ಅದು ಪ್ರತಿ ಸಂಜೆ ಬಂದು ಕೂರುವ ಸಿಲ್ವರ್ ಓಕ್ ಅಥವಾ ತೆಂಗಿನ ಮರವನ್ನು ಗುರುತಿಟ್ಟುಕೊಂಡು ಹಿಂದಿನ ದಿನವೇ ಹಾಳೆ ಹಾಸಿಟ್ಟು ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋಗಬೇಕು. ಕಡೂರು, ಅಜ್ಜಂಪುರದ ಕಡೆಯ ಕಾವಲುಗಳಲ್ಲಿ ಚಳಿಗಾಲಕ್ಕೆ ಬರುವ ಬೇಟೆಹಕ್ಕಿಗಳಾದ ಹ್ಯಾರಿಯರ್‌ಗಳು ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುವುದರಿಂದ ಅಲ್ಲಿ ಹಾಳೆಯ ಉಪಾಯ ನಡೆಯುವುದಿಲ್ಲ. ಹುಲ್ಲಿನ ಮೇಲೆ ಬಿದ್ದ ಹಿಕ್ಕೆಯ ಮೇಲ್ಪದರವನ್ನಷ್ಟೇ ಚಮಚದಿಂದ ಎತ್ತಿಕೊಳ್ಳಬೇಕು.

ಮೊಟ್ಟೆಗಳು ದಿನವೂ ಒಂದೇ ಪ್ರಮಾಣದಲ್ಲಿ ಹೊರಬರುವುದಿಲ್ಲ. ಒಂದು ದಿನದ ಮಾದರಿಯಲ್ಲಿ ಏನೂ ಕಾಣಲಿಲ್ಲವೆಂದರೆ ಹಕ್ಕಿಯಲ್ಲಿ ಏನೂ ಇಲ್ಲವೆಂದು ಅರ್ಥವಲ್ಲ, ಆದ್ದರಿಂದ ಬಿಡದೆ ಮೂರು ದಿನದ ಹಿಕ್ಕೆಯನ್ನು ಸೇರಿಸಿ ನೋಡುವುದು ಉತ್ತಮ. ಅದೇ ದಿನ ನೋಡಲಾಗದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ದಿನ ಇಡಬಹುದು. ಮಂಜುಗಟ್ಟಿಸಿದರೆ ಮೊಟ್ಟೆಗಳ ಆಕಾರ ಕೆಡುತ್ತದೆ. ಹೆಚ್ಚು ಕಾಲ ಇಡಬೇಕಾದರೆ ಅಂಗಡಿಯ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆಯ ಮೂರು ನಾಲ್ಕು ಪಟ್ಟು ಸುರಿದು ಕಲಕಿಡಬೇಕು. ಆದರೆ ಕಾಕ್ಸಿಡಿಯಾ (ಕರುಳಿನ ಏಕಕೋಶ ಪರೋಪಜೀವಿಗಳು) ಇರಬಹುದೆಂಬ ಅನುಮಾನವಿದ್ದರೆ ಒಂದು ಪಾಲನ್ನು ಫಾರ್ಮಲಿನ್ ಸೋಕಿಸದೆ ಪ್ರತ್ಯೇಕವಾಗಿ ಇಡಬೇಕು. ಕಾರಣ ಮುಂದೆ ಬರುತ್ತದೆ.

ಹಿಕ್ಕೆಯ ಜೊತೆಗೆ ಹಕ್ಕಿ ಕಕ್ಕಿದ ಉಂಡೆ ಸಿಕ್ಕಿದರೆ ಅದನ್ನೂ ಬಿಡಬಾರದು. ಕೂದಲು, ಮೂಳೆ, ಮಿಡತೆಯ ಕಾಲು, ಪೊರೆಗಳು ತುಂಬಿದ ಆ ಉಂಡೆ ಹಕ್ಕಿ ಹಿಂದಿನ ದಿನ ಏನು ತಿಂದಿತೆಂಬ ದಾಖಲೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕೆ ಅರ್ಥ ಬರಬೇಕಾದರೆ ಈ ದಾಖಲೆ ಬೇಕೇ ಬೇಕು.

ಮೂರು ಬಗೆಯ ಪರೀಕ್ಷೆ, ಮೂರೂ ಬೇಕು

ಮೊದಲನೆಯದು ನೇರ ಪರೀಕ್ಷೆ. ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿದ ಸಲೈನ್‌ನ ಒಂದು ಹನಿಯಲ್ಲಿ ಕಡ್ಡಿಯ ತುದಿಯಷ್ಟು ತಾಜಾ ಹಿಕ್ಕೆಯನ್ನು ಕದಡಿ, ಕವರ್‌ಸ್ಲಿಪ್ ಮುಚ್ಚಿ, ಮೊದಲು 10ರ ಮಸೂರದಲ್ಲಿ ಸಾಲು ಸಾಲಾಗಿ ನೋಡಿ ಅನುಮಾನ ಬಂದಲ್ಲಿ 40ಕ್ಕೆ ಹೋಗಬೇಕು. ಸ್ಲೈಡಿನ ಅಡಿಯಲ್ಲಿಟ್ಟ ಪತ್ರಿಕೆಯ ಅಕ್ಷರ ಓದುವಷ್ಟು ತೆಳುವಾಗಿದ್ದರೆ ಹದ ಸರಿಯಾಗಿದೆಯೆಂದು ತಿಳಿಯಬಹುದು. ಚಲಿಸುವ ಏಕಕೋಶ ಜೀವಿಗಳು ಕಾಣುವುದು ಈ ವಿಧಾನದಲ್ಲಿ ಮಾತ್ರ. ಆದರೆ ನೋಡುವ ಹಿಕ್ಕೆ ತೀರಾ ಕಡಿಮೆಯಾದ್ದರಿಂದ ಇಲ್ಲಿ ಏನೂ ಕಾಣಲಿಲ್ಲವೆಂಬ ಫಲಿತಾಂಶಕ್ಕೆ ಬೆಲೆಯಿಲ್ಲ.

ಎರಡನೆಯದು ತೇಲಿಸುವ ವಿಧಾನ. ಮೊಟ್ಟೆಗಿಂತ ದಟ್ಟವಾದ ದ್ರಾವಣದಲ್ಲಿ ಹಿಕ್ಕೆಯನ್ನು ಕಲಕಿದರೆ ಕಸ ತಳಕ್ಕಿಳಿದು ಮೊಟ್ಟೆ ಮೇಲೆ ಬರುತ್ತದೆ. ಒಂದು ಲೀಟರ್ ನೀರನ್ನು ಕಾಯಿಸಿ, ಇನ್ನು ಕರಗದು ಎನ್ನುವವರೆಗೆ ಉಪ್ಪು ಹಾಕಿದರೆ (360ರಿಂದ 400 ಗ್ರಾಂ ಹಿಡಿಯುತ್ತದೆ) ಸುಮಾರು 1.20 ಸಾಂದ್ರತೆಯ ದ್ರಾವಣ ಸಿದ್ಧವಾಗುತ್ತದೆ. ಅದು ತಣ್ಣಗಾದಾಗ ತಳದಲ್ಲಿ ಸ್ವಲ್ಪ ಉಪ್ಪು ಉಳಿದಿರಬೇಕು. ಇದಕ್ಕಿಂತ ಚೆನ್ನಾಗಿ ತೇಲಿಸುವುದು ಸಕ್ಕರೆಯ ದ್ರಾವಣ: 355 ಮಿಲಿ ನೀರಿಗೆ 454 ಗ್ರಾಂ ಸಕ್ಕರೆ, ಬೂಷ್ಟು ಹಿಡಿಯದಂತೆ ಸ್ವಲ್ಪ ಫಾರ್ಮಲಿನ್, ಸಾಂದ್ರತೆ ಸುಮಾರು 1.27. ಉಪ್ಪಿನ ಸ್ಲೈಡು ಬೇಗ ಹರಳುಗಟ್ಟಿ ಮೊಟ್ಟೆಗಳನ್ನು ಕುಗ್ಗಿಸುತ್ತದೆ, ಸಕ್ಕರೆಯ ಸ್ಲೈಡನ್ನು ನಿಧಾನವಾಗಿ ನೋಡಬಹುದು, ಆದರೆ ಮೇಜನ್ನು ಆಗಲೇ ಒರೆಸದಿದ್ದರೆ ಮಾರನೆಯ ದಿನ ಇರುವೆಗಳ ಜೊತೆ ಕೆಲಸ ಮಾಡಬೇಕಾಗುತ್ತದೆ. ಒಂದೆರಡು ಗ್ರಾಂ ಹಿಕ್ಕೆಯನ್ನು 15 ಮಿಲಿ ದ್ರಾವಣದಲ್ಲಿ ಕಲಕಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಕೊಳವೆಯ ಬಾಯಿಯಲ್ಲಿ ದ್ರಾವಣ ಉಬ್ಬಿ ನಿಲ್ಲುವವರೆಗೆ ತುಂಬಿ, ಮೇಲೆ ಕವರ್‌ಸ್ಲಿಪ್ ಇಟ್ಟು 15 ನಿಮಿಷ ಬಿಡಬೇಕು. ಸೆಂಟ್ರಿಫ್ಯೂಜ್ ಇದ್ದರೆ ನಿಮಿಷಕ್ಕೆ 1500 ಸುತ್ತಿನಲ್ಲಿ 5 ನಿಮಿಷ ತಿರುಗಿಸಿ ಆಮೇಲೆ ಕವರ್‌ಸ್ಲಿಪ್ ಇಟ್ಟರೆ ಇನ್ನೂ ಹೆಚ್ಚು ಮೊಟ್ಟೆ ಸಿಗುತ್ತವೆ. ಗ್ರಾಂ ಹಿಕ್ಕೆಗೆ ಎಷ್ಟು ಮೊಟ್ಟೆಯೆಂದು ಲೆಕ್ಕ ಹಾಕುವ, ದನಕರುಗಳಿಗೆ ಬಳಸುವ ಮ್ಯಾಕ್‌ಮಾಸ್ಟರ್ ಎಣಿಕೆಯನ್ನು ಇಲ್ಲಿ ನಾನು ಹೆಚ್ಚು ನೆಚ್ಚುವುದಿಲ್ಲ. ಶಿಕ್ರ, ಹಾಲಕ್ಕಿಗಳಂಥ ಸಣ್ಣ ಹಕ್ಕಿಗಳಲ್ಲಿ ಅದಕ್ಕೆ ಬೇಕಾದಷ್ಟು ಕಪ್ಪು ಮಲ ಒಂದು ಹೊತ್ತಿನಲ್ಲಿ ಸಿಗುವುದೇ ಕಷ್ಟ, ಮೊಟ್ಟೆಯ ಲೆಕ್ಕದಿಂದ ಹುಳುಗಳ ಲೆಕ್ಕ ತೆಗೆಯುವುದೂ ಕಷ್ಟ.

ಮೂರನೆಯದು ತಳಕ್ಕಿಳಿಸುವ ವಿಧಾನ, ನಮ್ಮ ಮಲೆನಾಡಿನಲ್ಲಿ ಇದನ್ನು ಬಿಟ್ಟರೆ ಪರೀಕ್ಷೆ ಅರ್ಧವೇ ಆದಂತೆ. ಎಲೆಯಂತೆ ಚಪ್ಪಟೆಯಾದ ಫ್ಲೂಕ್ ಹುಳುಗಳ ಮೊಟ್ಟೆಗಳು ಭಾರವಾದ್ದರಿಂದ ಉಪ್ಪುನೀರಿನಲ್ಲಿ ತೇಲುವುದಿಲ್ಲ. ಹಿಕ್ಕೆಯನ್ನು ನೀರಿನಲ್ಲಿ ಕಲಕಿ ಸೋಸಿ, ತಳ ಚೂಪಾಗಿರುವ ಲೋಟದಲ್ಲಿ 5ರಿಂದ 10 ನಿಮಿಷ ಬಿಟ್ಟು, ಮೇಲಿನ ನೀರನ್ನು ತಳ ಕದಡದಂತೆ ಬಗ್ಗಿಸಿ, ಮತ್ತೆ ಹೊಸ ನೀರು ತುಂಬಬೇಕು. ಮೇಲಿನ ನೀರು ತಿಳಿಯಾಗುವವರೆಗೆ ಹೀಗೆ ಮಾಡಿ, ಕೊನೆಗೆ ಉಳಿದ ಗಸಿಗೆ ಮಿಥಿಲೀನ್ ಬ್ಲೂ ಒಂದು ಹನಿ ಬೆರೆಸಿದರೆ ಕಸವೆಲ್ಲ ನೀಲಿಯಾಗುತ್ತದೆ, ಫ್ಲೂಕ್‌ನ ಮೊಟ್ಟೆ ಮಾತ್ರ ಹೊನ್ನಿನ ಹಳದಿಯಲ್ಲೇ ಉಳಿಯುತ್ತದೆ. ಆ ನೀಲಿಯ ನಡುವೆ, ಒಂದು ತುದಿಯಲ್ಲಿ ಸಣ್ಣ ಮುಚ್ಚಳವಿರುವ ಉದ್ದನೆಯ ಹಳದಿ ಮೊಟ್ಟೆಯನ್ನು ಒಮ್ಮೆ ಕಂಡವರಿಗೆ ಮತ್ತೆ ಚಿತ್ರಪುಸ್ತಕ ಬೇಕಾಗುವುದಿಲ್ಲ.

ಅಳತೆಯಿಲ್ಲದೆ ಹೆಸರಿಡಬಾರದು. ಐಪೀಸಿನೊಳಗೆ ಕೂರಿಸುವ ಅಳತೆಪಟ್ಟಿಯನ್ನು ಸ್ಟೇಜ್ ಮೈಕ್ರೊಮೀಟರಿನ ಮೇಲಿಟ್ಟು ಪ್ರತಿ ಮಸೂರಕ್ಕೂ ಒಂದು ಗೆರೆ ಎಷ್ಟು ಮೈಕ್ರಾನ್ ಎಂದು ಲೆಕ್ಕ ಹಾಕಿ ಸೂಕ್ಷ್ಮದರ್ಶಕದ ಮೇಲೆಯೇ ಚೀಟಿ ಅಂಟಿಸಿರಬೇಕು. ಗಾಳಿಗುಳ್ಳೆ, ಎಣ್ಣೆಯ ಹನಿ, ಹೂಮಳೆ ಬಿದ್ದ ದಿನಗಳಲ್ಲಿ ಎಲ್ಲೆಲ್ಲೂ ಹಾರುವ ಹೂವಿನ ಪರಾಗ, ಶಿಲೀಂಧ್ರದ ಬೀಜಕಣ ಇವೆಲ್ಲ ಮೊಟ್ಟೆಯ ವೇಷ ಹಾಕುತ್ತವೆ. ಅಳತೆ, ಕವಚದ ದಪ್ಪ, ಒಳಗಿನ ರಚನೆ ಈ ಮೂರನ್ನೂ ಕೇಳಿದರೆ ವೇಷ ಕಳಚುತ್ತದೆ.

ಏನೇನು ಕಾಣಬಹುದು

ದುಂಡುಹುಳುಗಳಲ್ಲಿ ಮುಖ್ಯವಾದದ್ದು ಕ್ಯಾಪಿಲೇರಿಯಾ ಗುಂಪು. ಕೂದಲೆಳೆಯಷ್ಟು ತೆಳ್ಳಗಿನ ಈ ಹುಳುಗಳು ಜಾತಿಗನುಸಾರ ಬಾಯಿ, ಅನ್ನನಾಳ ಅಥವಾ ಕರುಳಿನ ಒಳಪದರದಲ್ಲಿ ಹುದುಗಿರುತ್ತವೆ. ಇವುಗಳ ಮೊಟ್ಟೆ ಸುಮಾರು 50ರಿಂದ 70 ಮೈಕ್ರಾನ್ ಉದ್ದವಿದ್ದು, ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿಯ ಹಾಗೆ ಕಾಣುತ್ತದೆ. ಶ್ವಾಸನಾಳದ ಸಿಂಗಾಮಸ್ ಹುಳುವಿನ ಮೊಟ್ಟೆಗೂ ಎರಡು ತುದಿಯಲ್ಲಿ ಮುಚ್ಚಳಗಳಿರುತ್ತವೆ. ಹಕ್ಕಿ ಕೆಮ್ಮಿ ನುಂಗಿದ ಅದು ಹಿಕ್ಕೆಯಲ್ಲಿ ಹೊರಬರುವುದರಿಂದ, ಹಿಕ್ಕೆಯಲ್ಲಿ ಕಂಡದ್ದೆಲ್ಲ ಕರುಳಿನದಲ್ಲ ಎಂಬ ಎಚ್ಚರಿಕೆಯೂ ಬೇಕು. ಚಾಣಗಳ ಗಾಳಿಚೀಲದಲ್ಲಿ ಬದುಕುವ ಸೆರಾಟೊಸ್ಪಿಕ್ಯುಲಮ್ ಹುಳುವಿನ, ಒಳಗೆ ಆಗಲೇ ಮರಿಯಿರುವ ಮೊಟ್ಟೆಗಳೂ ಇದೇ ದಾರಿಯಲ್ಲಿ ಬರುತ್ತವೆ. ಪೊರೊಸೀಕಮ್ ಎಂಬ ದೊಡ್ಡ ದುಂಡುಹುಳುವಿನ ಮೊಟ್ಟೆ ಇವೆಲ್ಲಕ್ಕಿಂತ ದೊಡ್ಡದು, ಕವಚ ದಪ್ಪ ಮತ್ತು ಒರಟು. ಇದರ ಮರಿಗಳು ಎರೆಹುಳುವಿನಲ್ಲಿ ಬೆಳೆದು, ಎರೆಹುಳು ತಿನ್ನುವ ಸುಂಡಿಲಿಯ ಮೂಲಕ ಬೇಟೆಹಕ್ಕಿಗೆ ತಲುಪುತ್ತವೆ. ತರಗೆಲೆ ಕೊಳೆತು ಎರೆಹುಳು ತುಂಬಿದ ಕಾಫಿ ತೋಟದ ನೆಲ ಇಂಥ ಸರಪಳಿಗೆ ಹೇಳಿ ಮಾಡಿಸಿದಂತಿದೆ.

ಫ್ಲೂಕ್‌ಗಳಲ್ಲಿ ಸ್ಟ್ರಿಜಿಯಾ ಮತ್ತು ನಿಯೊಡಿಪ್ಲೊಸ್ಟೊಮಮ್ ಹದ್ದು, ಗಿಡುಗ, ಗೂಬೆಗಳ ಸಣ್ಣ ಕರುಳಿಗೆ ಕಚ್ಚಿಕೊಂಡಿರುತ್ತವೆ. ಮೊಟ್ಟೆ ಸುಮಾರು 100 ಮೈಕ್ರಾನ್ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು. ಅದು ನೀರಿಗೆ ಬಿದ್ದು ಒಡೆದು, ಮರಿ ಸಿಹಿನೀರಿನ ಬಸವನಹುಳುವನ್ನು ಹೊಕ್ಕು, ಅಲ್ಲಿಂದ ಗೊದಮೊಟ್ಟೆ ಮತ್ತು ಕಪ್ಪೆಗೆ ಹೋಗಿ, ಕಪ್ಪೆಯಿಂದ ಅಥವಾ ಕಪ್ಪೆ ತಿಂದ ಹಾವು, ಹಕ್ಕಿಗಳಿಂದ ಬೇಟೆಹಕ್ಕಿಯ ಕರುಳಿಗೆ ಬರುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಗದ್ದೆಬಯಲುಗಳಲ್ಲಿ ಬೇಟೆಯಾಡುವ ಹಾವು ಹದ್ದಿನಲ್ಲಿ ಇವನ್ನು ನಿರೀಕ್ಷಿಸಬೇಕು; ಅರಸೀಕೆರೆ, ಕಡೂರಿನ ಒಣಸೀಮೆಯಲ್ಲಿ ಮಿಡತೆ, ಓತಿಕ್ಯಾತ, ಇಲಿಗಳನ್ನು ಹಿಡಿಯುವ ಹಕ್ಕಿಯಲ್ಲಿ ಲಾಡಿಹುಳು ಮತ್ತು ಮುಳ್ಳುತಲೆ ಹುಳುಗಳ ಕಡೆ ಹೆಚ್ಚು ಗಮನ ಕೊಡಬೇಕು. ಒಂದೇ ಜಿಲ್ಲೆಯೊಳಗೆ ಮಳೆಯ ಪ್ರಮಾಣ ಇಷ್ಟು ಬೇರೆಯಾಗುವ ಕಡೆ, ಹಕ್ಕಿ ಯಾವ ಊರಿನದೆಂದು ಬರೆದಿಡದ ಮಾದರಿ ಅರ್ಧ ಮೂಕ.

ಲಾಡಿಹುಳುಗಳಲ್ಲಿ ಕ್ಲಾಡೊಟೀನಿಯಾ ಇಲಿಯ ಜಾತಿಯ ಪ್ರಾಣಿಗಳ ಯಕೃತ್ತಿನಲ್ಲಿ ಮರಿಯಾಗಿ ಬೆಳೆದು ಗಿಡುಗಗಳಲ್ಲಿ ದೊಡ್ಡದಾಗುತ್ತದೆ. ಹಿಕ್ಕೆಯ ಮೇಲೆ ಅಕ್ಕಿನುಚ್ಚಿನಂಥ ಬಿಳಿಯ ತುಣುಕು ಮಿಸುಕಾಡುತ್ತಿದ್ದರೆ ಅದು ಲಾಡಿಹುಳುವಿನ ತುಂಡು. ಇವುಗಳಿಂದ ಆರೋಗ್ಯವಂತ ಹಕ್ಕಿಗೆ ಆಗುವ ತೊಂದರೆ ಕಡಿಮೆ. ಮುಳ್ಳುತಲೆ ಹುಳುವಾದ ಸೆಂಟ್ರೊರಿಂಕಸ್ ಹಾಗಲ್ಲ. ಕೊಕ್ಕೆಗಳಿರುವ ಸೊಂಡಿಲನ್ನು ಕರುಳಿನ ಗೋಡೆಗೆ ಚುಚ್ಚಿ ನೇತಾಡುವ ಇದು ಹೆಚ್ಚಾದಾಗ ಕರುಳು ಊದಿಕೊಳ್ಳುತ್ತದೆ, ಒಮ್ಮೊಮ್ಮೆ ತೂತೂ ಬೀಳುತ್ತದೆ. ಇದರ ಮೊಟ್ಟೆಗೆ ಪದರ ಪದರವಾದ ಕವಚವಿದ್ದು, 40ರ ಮಸೂರದಲ್ಲಿ ಫೋಕಸ್ಸನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡಿದರೆ ಒಳಗಿನ ಮರಿಯ ಒಂದು ತುದಿಯಲ್ಲಿ ಸಣ್ಣ ಕೊಕ್ಕೆಗಳು ಮಿನುಗಿ ಮರೆಯಾಗುತ್ತವೆ.

ಏಕಕೋಶ ಜೀವಿಗಳಲ್ಲಿ ಸಾರ್ಕೊಸಿಸ್ಟಿಸ್‌ನ ಸ್ಪೊರೊಸಿಸ್ಟ್‌ಗಳು (ಮರಿಕೋಶಗಳಿರುವ ಕವಚದ ಚೀಲಗಳು) ಬಹಳ ಸಣ್ಣವು, ಉದ್ದ ಸುಮಾರು 10ರಿಂದ 13 ಮೈಕ್ರಾನ್, ಒಳಗೆ ಸ್ಪೊರೊಜಾಯ್ಟ್ ಎಂಬ ನಾಲ್ಕು ಮರಿಕೋಶಗಳು. ಇಲಿ, ಹಕ್ಕಿಗಳ ಮಾಂಸಖಂಡದಲ್ಲಿದ್ದದ್ದು ಬೇಟೆಹಕ್ಕಿಯ ಕರುಳಿನಲ್ಲಿ ಬೆಳೆದು ಹೊರಬರುತ್ತದೆ, ಬೇಟೆಹಕ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಚಾಣಗಳ ಮರಿಗಳಲ್ಲಿ ನಿಜಕ್ಕೂ ಕಾಡುವುದು ಕಾಕ್ಸಿಡಿಯಾ ಗುಂಪಿನ ಕ್ಯಾರಿಯೊಸ್ಪೊರಾ. ಇದನ್ನು ಗುರುತಿಸುವುದಕ್ಕೆ ಊಸಿಸ್ಟ್ (ಹಿಕ್ಕೆಯಲ್ಲಿ ಹೊರಬರುವ, ಮೊಟ್ಟೆಯಂಥ ಕವಚದ ಹಂತ) ಮಾಗಬೇಕು. ಫಾರ್ಮಲಿನ್ ತಾಗದ ಹಿಕ್ಕೆಯನ್ನು ಶೇಕಡಾ 2.5ರ ಪೊಟಾಸಿಯಮ್ ಡೈಕ್ರೊಮೇಟ್ ದ್ರಾವಣದಲ್ಲಿ ತೆಳುವಾಗಿ ಹರಡಿ, ಗಾಳಿಯಾಡುವಂತೆ ಅರೆಮುಚ್ಚಿ, 25 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ದಿನ ಇಟ್ಟು ದಿನಕ್ಕೊಮ್ಮೆ ಕಲಕಬೇಕು. ಮಾಗಿದ ಊಸಿಸ್ಟಿನೊಳಗೆ ಒಂದೇ ಸ್ಪೊರೊಸಿಸ್ಟ್, ಅದರಲ್ಲಿ ಎಂಟು ಸ್ಪೊರೊಜಾಯ್ಟ್ ಇದ್ದರೆ ಕ್ಯಾರಿಯೊಸ್ಪೊರಾ; ನಾಲ್ಕು ಸ್ಪೊರೊಸಿಸ್ಟ್, ಪ್ರತಿಯೊಂದರಲ್ಲಿ ಎರಡೆರಡು ಇದ್ದರೆ ಐಮೀರಿಯಾ. ಡೈಕ್ರೊಮೇಟ್ ಕ್ಯಾನ್ಸರ್‌ಕಾರಕ, ಅದನ್ನು ಸಿಂಕಿಗೆ ಚೆಲ್ಲದೆ ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಬಾಟಲಿಗೇ ಹಾಕಬೇಕು.

ಪಾರಿವಾಳ ತಿನ್ನುವ ಶಿಕ್ರದ ಬಾಯಿಯಲ್ಲಿ ಗಿಣ್ಣಿನಂಥ ಹಳದಿ ಕಲೆಗಳಿದ್ದರೆ ಅದು ಟ್ರೈಕೊಮೊನಾಸ್ ಎಂಬ ಏಕಕೋಶ ಪರೋಪಜೀವಿ ಇರಬಹುದು. ಇದು ಕರುಳಿನದಲ್ಲವಾದರೂ ಹಕ್ಕಿಯ ಪ್ರಾಣ ತೆಗೆಯುವಂಥದ್ದು. ಗಂಟಲಿನಿಂದ ಒರೆಸಿ ತೆಗೆದ ಮಾದರಿಯನ್ನು ಉಗುರುಬೆಚ್ಚಗಿನ ಸಲೈನ್‌ನಲ್ಲಿ ತಡಮಾಡದೆ ನೋಡಬೇಕು, ತಣ್ಣಗಾದರೆ ಅದರ ಚಲನೆ ನಿಂತುಹೋಗುತ್ತದೆ.

ಮೊಟ್ಟೆಯ ವಾರಸುದಾರ ಯಾರು

ಹಾಸನದ ಹೊರವಲಯದಲ್ಲಿ ಕೋಳಿ ಅಂಗಡಿಗಳ ತ್ಯಾಜ್ಯ ಸುರಿಯುವ ಜಾಗದ ಮೇಲೆ ಸುತ್ತುವ ಹದ್ದಿನ ಹಿಕ್ಕೆಯನ್ನು ತೇಲಿಸಿದಿರಿ ಎಂದುಕೊಳ್ಳಿ. ನುಣುಪಾದ ಕವಚದ, 80 ಮೈಕ್ರಾನ್ ಉದ್ದದ ಅಂಡಾಕಾರದ ಮೊಟ್ಟೆಗಳು, ಜೊತೆಗೆ ಊಸಿಸ್ಟ್‌ಗಳು ಕಾಣುತ್ತವೆ. ಹದ್ದಿಗೆ ಜಂತುಹುಳು ಮತ್ತು ಕಾಕ್ಸಿಡಿಯಾ ಎರಡೂ ಇವೆ ಎಂದು ಬರೆಯುವ ಮೊದಲು ಅದು ತಿಂದದ್ದು ಏನೆಂದು ನೆನೆಯಬೇಕು. ಆ ಮೊಟ್ಟೆ ನಾಟಿ ಕೋಳಿಯ ಕರುಳಿನ ಆಸ್ಕರಿಡಿಯಾ ದುಂಡುಹುಳುವಿನದೂ ಊಸಿಸ್ಟ್ ಫಾರಂ ಕೋಳಿಯ ಐಮೀರಿಯಾದ್ದೂ ಆಗಿರುವ ಸಾಧ್ಯತೆಯೇ ಹೆಚ್ಚು. ಹದ್ದು ಕೋಳಿಯ ಕರುಳನ್ನು ನುಂಗಿದೆ, ಗಟ್ಟಿ ಕವಚದ ಮೊಟ್ಟೆಗಳು ಜೀರ್ಣವಾಗದೆ ಹಾದು ಬಂದಿವೆ, ಅಷ್ಟೆ.

ಇನ್ನೂ ಮೋಸಗೊಳಿಸುವುದು ಇಲಿಗಳ ಯಕೃತ್ತಿನಲ್ಲಿ ಬದುಕುವ ಕ್ಯಾಲೋಡಿಯಮ್ ಹೆಪಾಟಿಕಮ್. ಅದರ ಮೊಟ್ಟೆಗಳು ಇಲಿ ಬದುಕಿರುವವರೆಗೆ ಯಕೃತ್ತಿನಲ್ಲೇ ಸಿಕ್ಕಿಕೊಂಡಿದ್ದು, ಯಾವುದಾದರೂ ಪ್ರಾಣಿ ಇಲಿಯನ್ನು ತಿಂದಾಗ ಅದರ ಮಲದಲ್ಲಿ ಹೊರಬಂದು ಮಣ್ಣಿಗೆ ಸೇರುತ್ತವೆ. ಇಲಿಯನ್ನು ಇಡಿಯಾಗಿ ನುಂಗುವ ಕಣಜದ ಗೂಬೆ ಈ ಹುಳುವಿಗೆ ಸಾರಿಗೆ ವ್ಯವಸ್ಥೆ ಮಾತ್ರ. ಈ ಮೊಟ್ಟೆಗೂ ಎರಡು ಬಿರಡೆಗಳಿರುವುದರಿಂದ ಗೂಬೆಗೆ ಕ್ಯಾಪಿಲೇರಿಯಾ ಎಂದು ಬರೆದುಬಿಡುವುದು ಸುಲಭ. ಹೊರಕವಚದಲ್ಲಿ ಸಣ್ಣ ಸಣ್ಣ ರಂಧ್ರಗಳೂ ಅಂಚಿನಲ್ಲಿ ಅಡ್ಡಗೆರೆಗಳೂ ಇವೆಯೇ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇಲಿಯ ಹೈಮೆನೊಲೆಪಿಸ್ ಲಾಡಿಹುಳುವಿನ ಆರು ಕೊಕ್ಕೆಗಳ ದುಂಡು ಮೊಟ್ಟೆ, ಇಲಿಯ ಕೂದಲಿನ ನುಸಿ ಮತ್ತು ಅದರ ಮೊಟ್ಟೆ ಇವೂ ಗೂಬೆಯ ಹಿಕ್ಕೆಯ ಮಾಮೂಲಿ ಅತಿಥಿಗಳು. ಹಾವು ಹದ್ದಿನಲ್ಲಿ ಪ್ರಶ್ನೆ ಇನ್ನೂ ಜಟಿಲ: ಕ್ಯಾರಿಯೊಸ್ಪೊರಾ ಬೇಟೆಹಕ್ಕಿಗಳಲ್ಲೂ ಇದೆ, ಹಾವುಗಳಲ್ಲೂ ಇದೆ.

ಇದನ್ನು ಬಿಡಿಸುವ ದಾರಿ ಸರಳವಾದದ್ದು, ಆದರೆ ತಾಳ್ಮೆ ಬೇಕು. ಆರೈಕೆಯಲ್ಲಿರುವ ಹಕ್ಕಿಗೆ ವೈದ್ಯರ ಒಪ್ಪಿಗೆಯೊಂದಿಗೆ ಮೂರು ನಾಲ್ಕು ದಿನ ಕರುಳು, ಯಕೃತ್ತು, ಚರ್ಮ ತೆಗೆದ, ಕತ್ತರಿಸಿದ ತಾಜಾ ಮಾಂಸವನ್ನಷ್ಟೇ ಕೊಟ್ಟು, ಹಾಳೆಯನ್ನು ದಿನವೂ ಬದಲಿಸಿ, ಹಿಕ್ಕೆಯನ್ನು ಮತ್ತೆ ನೋಡಬೇಕು. ಹಾದುಹೋಗುವ ಮೊಟ್ಟೆಗಳು ಅಷ್ಟರಲ್ಲಿ ನಿಂತುಹೋಗುತ್ತವೆ. ಹಕ್ಕಿಯದೇ ಹುಳುವಾದರೆ ಮೊಟ್ಟೆಗಳು ಬರುತ್ತಲೇ ಇರುತ್ತವೆ. ಈ ಆಹಾರವನ್ನು ಮುಂದುವರಿಸಬಾರದು, ಏಕೆಂದರೆ ಬರಿಯ ಮಾಂಸದಲ್ಲಿ ಸುಣ್ಣದ ಅಂಶ ಸಾಲದು, ಕೂದಲು ಗರಿಗಳಿಲ್ಲದೆ ಹಕ್ಕಿ ಉಂಡೆ ಕಕ್ಕುವುದೂ ನಿಲ್ಲುತ್ತದೆ. ಹೊರಗಿನ ಹಕ್ಕಿಯ ಹಿಕ್ಕೆಯಾದರೆ ಈ ಪರೀಕ್ಷೆ ಸಾಧ್ಯವಿಲ್ಲ, ಅಲ್ಲಿ ಕಂಡದ್ದನ್ನು ಕಂಡಂತೆ ಬರೆದು, ಬೇಟೆಯದ್ದಾಗಿರಬಹುದು ಎಂದು ಸೇರಿಸುವುದೇ ಪ್ರಾಮಾಣಿಕ ಕ್ರಮ.

ಸತ್ತ ಹಕ್ಕಿಯಿಂದ ಹುಳುಗಳನ್ನು ತೆಗೆಯುವುದು

ಅನುಮತಿಯ ಶವಪರೀಕ್ಷೆ ನಡೆದಾಗ ಮೊಟ್ಟೆಯ ಊಹಾಪೋಹವಿಲ್ಲದೆ ಹುಳುವನ್ನೇ ನೋಡಬಹುದು. ಅನ್ನನಾಳ, ಗ್ರಂಥಿಗಳಿರುವ ಮುಂಹೊಟ್ಟೆ, ಸ್ನಾಯುವಿನ ಹೊಟ್ಟೆ, ಸಣ್ಣ ಕರುಳಿನ ಮೂರು ಭಾಗ, ಕುರುಡುಕರುಳು, ದೊಡ್ಡ ಕರುಳು ಇವನ್ನು ದಾರದಿಂದ ಕಟ್ಟಿ ಬೇರ್ಪಡಿಸಿ, ಬೇರೆ ಬೇರೆ ತಟ್ಟೆಗಳಲ್ಲಿ ಸಲೈನ್ ಹಾಕಿ ಉದ್ದಕ್ಕೆ ಸೀಳಬೇಕು. ಹುಳು ಎಲ್ಲಿ ಸಿಕ್ಕಿತೆಂಬುದು ಅದರ ಗುರುತಿನ ಅರ್ಧಭಾಗ. ಒಳಪದರವನ್ನು ಬೆರಳಿನಿಂದ ಸವರಿ ತೊಳೆದ ನೀರನ್ನು ತಳಕ್ಕಿಳಿಸಿ, ಕಪ್ಪು ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಸುರಿದು ನೋಡಿದರೆ ಒಂದೆರಡು ಮಿಲಿಮೀಟರಿನ ಫ್ಲೂಕ್‌ಗಳೂ ಕಣ್ಣಿಗೆ ಬೀಳುತ್ತವೆ.

ಹುಳುಗಳನ್ನು ಒಂದೇ ಬಾಟಲಿಗೆ ಸುರಿಯುವುದು ಎಲ್ಲ ಶ್ರಮವನ್ನೂ ಹಾಳುಮಾಡುತ್ತದೆ. ದುಂಡುಹುಳುಗಳನ್ನು ಬಿಸಿಮಾಡಿದ ಶೇಕಡಾ 70ರ ಆಲ್ಕೋಹಾಲಿಗೆ ಹಾಕಿದರೆ ಸುರುಳಿಯಾಗದೆ ನೇರವಾಗಿ ಚಾಚಿಕೊಳ್ಳುತ್ತವೆ (ಆಲ್ಕೋಹಾಲನ್ನು ಬೆಂಕಿಯ ಮೇಲಲ್ಲ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬಿಸಿಮಾಡಬೇಕು). ಮುಳ್ಳುತಲೆ ಹುಳುವನ್ನು ಕರುಳಿನಿಂದ ಕೀಳದೆ ಅಂಟಿದ ಭಾಗದ ಸಮೇತ ಬಿಡಿಸಿ, ಬರಿಯ ನೀರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಆಗ ಸೊಂಡಿಲು ಪೂರ್ತಿ ಹೊರಚಾಚಿ ಕೊಕ್ಕೆಗಳ ಸಾಲನ್ನು ಎಣಿಸಲು ಬರುತ್ತದೆ. ಲಾಡಿಹುಳುವಿನ ತಲೆ ಸಿಗದಿದ್ದರೆ ಜಾತಿ ಹೇಳುವುದು ಕಷ್ಟ. ಫ್ಲೂಕ್‌ಗಳನ್ನು ಎರಡು ಗಾಜುಗಳ ನಡುವೆ ತೀರಾ ಹಗುರವಾಗಿ ಒತ್ತಿ ಸ್ಥಿರಗೊಳಿಸಿ, ಆಮೇಲೆ ಕಾರ್ಮೈನ್ ಬಣ್ಣ ಹಾಕಬಹುದು. ಡಿಎನ್‌ಎ ಪರೀಕ್ಷೆಯ ಉದ್ದೇಶವಿದ್ದರೆ ಒಂದೆರಡನ್ನು ಶೇಕಡಾ 95ರ ಆಲ್ಕೋಹಾಲಿನಲ್ಲಿ ಬೇರೆಯಾಗಿ ಇಡಬೇಕು, ಫಾರ್ಮಲಿನ್ ಆ ಕೆಲಸಕ್ಕೆ ಬಾರದು.

ಔಷಧ ಕೊಡುವುದೋ ಬಿಡುವುದೋ

ಕಾಡಿನ ಬೇಟೆಹಕ್ಕಿಯ ಕರುಳಿನಲ್ಲಿ ಒಂದಷ್ಟು ಹುಳುಗಳಿರುವುದು ಸಹಜ ಸ್ಥಿತಿ. ಹಕ್ಕಿ ಚೆನ್ನಾಗಿ ತಿನ್ನುತ್ತಿದೆ, ದಿನವೂ ಬೆಳಿಗ್ಗೆ ತೂಕ ಮಾಡಿದಾಗ ತೂಕ ನಿಂತಿದೆ ಅಥವಾ ಏರುತ್ತಿದೆ, ಹಿಕ್ಕೆಯಲ್ಲಿ ರಕ್ತವಿಲ್ಲ ಎಂದಾದರೆ ನಾಲ್ಕಾರು ಫ್ಲೂಕ್ ಮೊಟ್ಟೆ ಅಥವಾ ಸಾರ್ಕೊಸಿಸ್ಟಿಸ್ ಕಂಡದ್ದಕ್ಕೆ ಔಷಧ ಅನಗತ್ಯ. ತಿಂದರೂ ಎದೆಯ ಮೂಳೆ ಚೂಪಾಗುತ್ತಾ ಹೋಗುವುದು, ಭೇದಿ ನಿಲ್ಲದಿರುವುದು, ತಿಂದದ್ದನ್ನು ಕಕ್ಕುವುದು ಇಂಥ ಲಕ್ಷಣಗಳ ಜೊತೆಗೆ ಹಕ್ಕಿಯದೇ ಎಂದು ಖಚಿತವಾದ ಕ್ಯಾಪಿಲೇರಿಯಾ, ಕ್ಯಾರಿಯೊಸ್ಪೊರಾ ಅಥವಾ ಮುಳ್ಳುತಲೆ ಹುಳು ಇದ್ದಾಗ ಚಿಕಿತ್ಸೆಯ ಮಾತು ಬರುತ್ತದೆ, ಆಗಲೂ ಔಷಧ ಮತ್ತು ಪ್ರಮಾಣವನ್ನು ಪಶುವೈದ್ಯರೇ ಹಕ್ಕಿಯ ತೂಕ ನೋಡಿ ನಿರ್ಧರಿಸಬೇಕು. ಕುರಿ, ದನಗಳಿಗೆ ನಿತ್ಯ ಕುಡಿಸುವ ಫೆನ್‌ಬೆಂಡಜೋಲ್ ರಣಹದ್ದು, ಪಾರಿವಾಳ ಮೊದಲಾದ ಹಕ್ಕಿಗಳಲ್ಲಿ ಮೂಳೆಮಜ್ಜೆಯನ್ನು ಕುಂದಿಸಿ ಸಾವಿಗೆ ಕಾರಣವಾದದ್ದು ದಾಖಲಾಗಿದೆ, ಗರಿ ಮೂಡುವ ಕಾಲದಲ್ಲಿ ಕೊಟ್ಟರೆ ಹೊಸ ಗರಿಗಳೂ ವಿಕಾರವಾಗುತ್ತವೆ. ದನದ ನೋವಿಗೆ ಕೊಟ್ಟ ಡೈಕ್ಲೊಫೆನಾಕ್ ರಣಹದ್ದುಗಳನ್ನು ಅಳಿವಿನಂಚಿಗೆ ತಂದು, 2006ರಲ್ಲಿ ಪಶುಚಿಕಿತ್ಸೆಯಿಂದ ಅದನ್ನು ನಿಷೇಧಿಸಬೇಕಾಗಿ ಬಂದದ್ದನ್ನು ನೆನೆದರೆ, ಒಂದು ಪ್ರಾಣಿಯ ಔಷಧವನ್ನು ಅಂದಾಜಿನ ಮೇಲೆ ಇನ್ನೊಂದಕ್ಕೆ ಕುಡಿಸುವ ಧೈರ್ಯ ಯಾರಿಗೂ ಬರಬಾರದು.

ಆರೈಕೆಯ ಗೂಡನ್ನು ಹಸಿಮಣ್ಣಿನ ನೆಲದ ಮೇಲೆ ಕಟ್ಟದಿರುವುದು ಔಷಧದಷ್ಟೇ ಪ್ರಯೋಜನಕಾರಿ. ಕ್ಯಾಪಿಲೇರಿಯಾದ ಮೊಟ್ಟೆ, ಕಾಕ್ಸಿಡಿಯಾದ ಊಸಿಸ್ಟ್ ಎರಡಕ್ಕೂ ಹೊರಗೆ ಬಿದ್ದ ಮೇಲೆ ಮಾಗಲು ಸಮಯ ಬೇಕು, ದಿನವೂ ಹಾಳೆ ತೆಗೆದು ಸುಟ್ಟರೆ ಆ ಸಮಯವೇ ಸಿಗುವುದಿಲ್ಲ.

ವರದಿಯಲ್ಲಿ ಹಕ್ಕಿಯ ಜಾತಿ, ಅಂದಾಜು ವಯಸ್ಸು, ಸಿಕ್ಕ ಊರು ಮತ್ತು ತಾಲ್ಲೂಕು, ದಿನಾಂಕ, ತೂಕ, ಕಕ್ಕಿದ ಉಂಡೆಯಲ್ಲಿ ಕಂಡ ಬೇಟೆ, ಬಳಸಿದ ವಿಧಾನ ಮತ್ತು ದ್ರಾವಣ, ಮೊಟ್ಟೆಯ ಉದ್ದ ಅಗಲ, ಅಳತೆಪಟ್ಟಿ ಕಾಣುವಂತೆ ತೆಗೆದ ಫೋಟೊ ಇಷ್ಟಿರಬೇಕು. ಜಾತಿಯ ಮಟ್ಟಕ್ಕೆ ಹೆಸರಿಡಲು ಅವಸರಪಡದೆ ಕ್ಯಾಪಿಲೇರಿಯಾ ಬಗೆಯ ಮೊಟ್ಟೆ, ಸ್ಟ್ರಿಜಿಯಾ ಬಗೆಯ ಮೊಟ್ಟೆ ಎಂದೇ ಬರೆದರೆ ಸಾಕು. ಬಾಟಲಿಯೊಳಗೆ ಹಾಕುವ ಚೀಟಿಯನ್ನು ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಗುರುತು ಹತ್ತದ ಹುಳುಗಳನ್ನು ಅರಣ್ಯ ಇಲಾಖೆಯ ಅನುಮತಿ ಪತ್ರದ ಪ್ರತಿಯ ಜೊತೆಗೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಪರೋಪಜೀವಿ ವಿಭಾಗಕ್ಕೆ ತೋರಿಸಬಹುದು. ಒಯ್ಯುವಾಗ ಬಾಟಲಿಯ ಬಾಯಿಗೆ ಟೇಪು ಸುತ್ತಿ, ಅದನ್ನು ಹತ್ತಿ ತುಂಬಿದ ಇನ್ನೊಂದು ಡಬ್ಬಿಯೊಳಗೆ ನೆಟ್ಟಗೆ ನಿಲ್ಲಿಸಿಡಬೇಕು.